ಜಿಯೋಲೈಟ್ ಹರಳು, 25 ಕೆಜಿ ಚೀಲ: ಪ್ಲೇಟಿಂಗ್ ನೀರಿಗೆ ಎಷ್ಟು ಲಾಯಕ್ಕು?

ಜಿಯೋಲೈಟ್ ಅಂದರೆ ನೀರಿನಲ್ಲಿ ಕರಗಿದ ಲೋಹವನ್ನು ಹಿಡಿದಿಟ್ಟುಕೊಳ್ಳುವ ಖನಿಜ. ಕರಾವಳಿಯಲ್ಲಿ ಅದು ಬೇಕೆಂದರೆ ಸಾಮಾನ್ಯವಾಗಿ ಸಿಗುವುದು ಸಿಗಡಿ ಕೆರೆಗೆ ಎರಚುವ ಪುಡಿ. ಮಂಗಳೂರಿನ ಬೈಕಂಪಾಡಿಯಂಥ ಕಡೆಯ ಸಣ್ಣ ಪ್ಲೇಟಿಂಗ್ (ಲೋಹದ ಲೇಪ ಕೊಡುವ) ಘಟಕಕ್ಕೆ ಅದು ಬೇಡ, ನೀರು ಸೋಸುವ ಕಾಲಂಗೆ (ಉದ್ದ ಕೊಳವೆಗೆ) ಹಾಕಿದರೆ ಕೆಸರುಗಟ್ಟಿ ನೀರೇ ಇಳಿಯುವುದಿಲ್ಲ. ಕೇಳಬೇಕಾದ್ದು 1ರಿಂದ 2 ಮಿಲಿಮೀಟರಿನ ಕ್ಲಿನೋಪ್ಟಿಲೊಲೈಟ್ (ಜಿಯೋಲೈಟಿನ ಒಂದು ಬಗೆ) ಹರಳು. ಈ ವಿಮರ್ಶೆ ಅದರ ಕುರಿತು.

ಚೀಲದ ಮೇಲೆ ಅಚ್ಚಾದದ್ದನ್ನು ಹಾಗೇ ನಂಬಬೇಕಾಗಿಲ್ಲ. ಅಡಿಕೆ ತೋಟಕ್ಕೆ ಬೋರ್ಡೋ ಮಾಡುವ ಮೈಲುತುತ್ತು (ತಾಮ್ರದ ಸಲ್ಫೇಟ್) ಇದ್ದರೆ ಪರೀಕ್ಷೆ ಸುಲಭ. ಒಂದು ಲೀಟರ್ ನೀರಿಗೆ 1 ಗ್ರಾಂ ಮೈಲುತುತ್ತು ಕರಗಿಸಿ, ಅದಕ್ಕೆ ಚೆನ್ನಾಗಿ ತೊಳೆದ 50 ಗ್ರಾಂ ಹರಳು ಹಾಕಿ, ಆಗಾಗ ಕಲಕುತ್ತಾ ಒಂದು ರಾತ್ರಿ ಬಿಡಿ. ಮರುದಿನ ಮೇಲಿನ ತಿಳಿಯನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ನಾಲ್ಕು ಹನಿ ಅಮೋನಿಯಾ ಬಿಡಿ. ಕಡುನೀಲಿ ಬಂದರೆ ತಾಮ್ರ ಇನ್ನೂ ನೀರಿನಲ್ಲೇ ಇದೆ, ಚೀಲ ವಾಪಸ್. ಬಣ್ಣ ಬರದಿದ್ದರೂ ಇನ್ನೊಂದು ಪರೀಕ್ಷೆ ಬಾಕಿ: ಒಣ ಹರಳಿನ ಮೇಲೆ ಹೈಡ್ರೋಕ್ಲೋರಿಕ್ ಆಸಿಡ್ ಒಂದು ಹನಿ. ಬುಸುಬುಸು ನೊರೆ ಎದ್ದರೆ ಸುಣ್ಣಕಲ್ಲಿನ ಚೂರು ಬೆರೆಸಿದ್ದಾರೆ. ಸುಣ್ಣಕಲ್ಲೂ ತಾಮ್ರವನ್ನು ಗಸಿಯಾಗಿ ಇಳಿಸುತ್ತದೆ, ಹಾಗಾಗಿ ಮೊದಲ ಪರೀಕ್ಷೆಯಲ್ಲಿ ಕಳ್ಳ ಮಾಲೂ ಪಾಸಾಗಿಬಿಡುತ್ತದೆ.

ಮಾಲು ಅಸಲಿಯಾದರೆ ಕೆಲಸ ಎಷ್ಟು? ಚೀಲಕ್ಕೆ ಸುಮಾರು 30 ಲೀಟರ್ ಜಾಗ ಬೇಕು, ಅಂದರೆ ಎಂಟಿಂಚಿನ ಪಿವಿಸಿ ಪೈಪಿನಲ್ಲಿ ಹೆಚ್ಚುಕಡಿಮೆ ಒಂದು ಮೀಟರ್. ಗಂಟೆಗೆ 150 ಲೀಟರಿಗಿಂತ ಜೋರಾಗಿ ಬಿಡಬಾರದು. ಸತುವಿನ ಪ್ಲೇಟಿಂಗ್ ನೀರಾದರೆ, ಒಂದು ಗ್ರಾಂ ಹರಳು 10 ಮಿಲಿಗ್ರಾಂ ಸತು ಹಿಡಿಯುತ್ತದೆ ಎಂದು ಲೆಕ್ಕ ಹಾಕುವುದು ಕ್ಷೇಮ. ಚೀಲಕ್ಕೆ 250 ಗ್ರಾಂ ಸತು. ಲೀಟರಿಗೆ 5 ಮಿಲಿಗ್ರಾಂ ಇರುವ ನೀರಾದರೆ 50,000 ಲೀಟರ್ ಬರುತ್ತದೆ. 50 ಮಿಲಿಗ್ರಾಂ ಇದ್ದರೆ 5,000 ಲೀಟರ್, ಒಂದೂವರೆ ದಿನಕ್ಕೆ ಚೀಲ ಖಾಲಿ. ಪ್ಲೇಟಿಂಗ್ ಆದ ಸಾಮಾನು ತೊಳೆದ ನೀರನ್ನು ನೇರ ಇದಕ್ಕೇ ಬಿಡುವವರಿಗೆ ಜಿಯೋಲೈಟ್ ದುಬಾರಿ ಅನ್ನಿಸುವುದು ಇದಕ್ಕೇ. ಮೊದಲು ಕಾಸ್ಟಿಕ್ ಸೋಡಾ ಹಾಕಿ ಪಿಎಚ್ 9ರಿಂದ 9.5ಕ್ಕೆ ಏರಿಸಿ ಸತುವನ್ನು ಗಸಿ ಮಾಡಿ ಇಳಿಸಿಕೊಳ್ಳಬೇಕು. ಸುಣ್ಣ ಅಗ್ಗ ನಿಜ, ಆದರೆ ಅದರ ಕ್ಯಾಲ್ಸಿಯಂ ಹರಳಿನ ಜಾಗ ಹಿಡಿಯುತ್ತದೆ. ಆಮೇಲೆ ಮರಳು ಫಿಲ್ಟರ್, ಅದಾದ ಮೇಲೆ ಆಸಿಡ್ ಹಾಕಿ ಪಿಎಚ್ 6.5ರಿಂದ 7ಕ್ಕೆ ಇಳಿಸುವುದು, ಕೊನೆಗೆ ಜಿಯೋಲೈಟ್. ಆಸಿಡ್ ಮೊದಲಾದರೆ ತೇಲುವ ಗಸಿ ಮತ್ತೆ ಕರಗಿ ಅಷ್ಟೂ ಭಾರ ಹರಳಿನ ಮೇಲೆ ಬೀಳುತ್ತದೆ.

ಮುರಕಲ್ಲಿನ ನೆಲದ ಬಾವಿ ನೀರು ಮೆದು, ಅದರಲ್ಲಿ ಕ್ಯಾಲ್ಸಿಯಂ ಕಡಿಮೆ, ಇದು ನಮ್ಮೂರಿನವರಿಗೆ ಲಾಭ. ಅಳಿವೆ ಹತ್ತಿರದ ಉಪ್ಪು ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಆ ಲಾಭ ಹೋಯಿತು. ಪೊಟ್ಯಾಸಿಯಂ ಕ್ಲೋರೈಡ್ ಅಥವಾ ಅಮೋನಿಯಂ ಕ್ಲೋರೈಡ್ ಬಾತ್ (ಪ್ಲೇಟಿಂಗ್ ದ್ರಾವಣ) ಇರುವವರಿಗೆ ಇನ್ನೂ ಕಷ್ಟ: ಈ ಹರಳಿಗೆ ಸತುವಿಗಿಂತ ಪೊಟ್ಯಾಸಿಯಂ, ಅಮೋನಿಯಂಗಳೇ ಹೆಚ್ಚು ಇಷ್ಟ. ಅಂಥಲ್ಲಿ ಎರಡನೇ ತೊಳೆಯುವ ತೊಟ್ಟಿಯ ತೆಳು ನೀರನ್ನು ಮಾತ್ರ ಬಿಡಿ. ಸೀಸಕ್ಕೆ ಫಲಿತಾಂಶ ತುಂಬ ಚೆನ್ನ, ನಿಕೆಲ್‌ಗೆ ಅಷ್ಟಕ್ಕಷ್ಟೆ.

ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂನ ವಿಷಕಾರಿ ರೂಪ) ತೆಗೆಯುತ್ತದೆ ಎಂದು ಮಾರುವವರ ಮಾತು ಸುಳ್ಳು. ಅದು ನೀರಿನಲ್ಲಿ ಋಣ ವಿದ್ಯುದಂಶದ ಕ್ರೋಮೇಟ್ ಆಗಿರುತ್ತದೆ, ಹರಳಿನ ಗೋಡೆಯೂ ಋಣವೇ, ಅಂಟುವ ಮಾತೇ ಇಲ್ಲ. ಪಿಎಚ್ 2.5ರ ಸುತ್ತ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ ಟ್ರೈವೇಲೆಂಟ್ (ಕ್ರೋಮಿಯಂನ ಇನ್ನೊಂದು ರೂಪ) ಮಾಡಿ, ಪಿಎಚ್ 8.5ರಲ್ಲಿ ಗಸಿಯಾಗಿ ಇಳಿಸಬೇಕು. ಹೊರಬಿಡುವ ಮಿತಿ ಹೆಕ್ಸಾವೇಲೆಂಟ್ ಕ್ರೋಮಿಯಂಗೆ ಲೀಟರಿಗೆ 0.1 ಮಿಲಿಗ್ರಾಂ, ಸತುವಿಗೆ 5, ನಿಕೆಲ್‌ಗೆ 3.

ತುಂಬಿದ ಹರಳನ್ನು 100 ಲೀಟರ್ ನೀರಿಗೆ 10 ಕೆಜಿ ಉಪ್ಪು ಕರಗಿಸಿ ನಿಧಾನ ಹರಿಸಿ ಮತ್ತೆ ಬಳಸಬಹುದು. ಆ ಉಪ್ಪುನೀರಿನಲ್ಲಿ ಈಗ ಸತು ಇದೆ, ಚರಂಡಿಗೆ ಬಿಡುವಂತಿಲ್ಲ. ಕಾಸ್ಟಿಕ್ ಹಾಕಿ ಸತು ಇಳಿಸಿ, ತಿಳಿಯನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಿ. ಪೂರ್ತಿ ಸೋತ ಹರಳು ಮತ್ತು ಗಸಿ 2016ರ ನಿಯಮದಂತೆ ಅಪಾಯಕಾರಿ ತ್ಯಾಜ್ಯ. ಅಂಥ ತ್ಯಾಜ್ಯದ ವಿಲೇವಾರಿ ಕೇಂದ್ರವಿರುವ ದಾಬಸ್‌ಪೇಟೆಯವರೆಗಿನ ಸಾಗಣೆಯನ್ನೂ ಚೀಲದ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಕೊನೆಯ ಹಂತಕ್ಕೆ ಐದಕ್ಕೆ ನಾಲ್ಕು ಕೊಡಬಹುದು, ಒಂದೇ ಹಂತದ ಪರಿಹಾರ ಎಂದು ಕೊಂಡರೆ ಒಂದು. ಮಳೆಗಾಲದಲ್ಲಿ ಕೊಳ್ಳುವುದಾದರೆ 100 ಗ್ರಾಂ ತೆಗೆದು 110 ಡಿಗ್ರಿಯಲ್ಲಿ ಒಣಗಿಸಿ ತೂಗಿ ನೋಡಿ. ಹರಳು ಗಾಳಿಯ ತೇವ ಹೀರುತ್ತದೆ; ಅದರಿಂದ ಕೆಲಸ ಕೆಡುವುದಿಲ್ಲ, ಆದರೆ ನೀರಿಗೂ ಹರಳಿನ ದರವೇ ಬೀಳುತ್ತದೆ.