ಸಂಗಮದ ದೋಣಿ, ಚಂದ್ರಂಪಳ್ಳಿಯ ಬೋಟು, ಸನ್ನತಿಯ ಪುಟ್ಟಿ

ದೀಪಾವಳಿ ಮುಗಿದ ಮೇಲೆ ಅವ್ವ ಒಂದು ಮಾತು ಅಂದಳು: "ನೀರಿನ ಮ್ಯಾಲ ಒಂದ್ ತಾಸು ಸುಮ್ಮ ಕುಂದರಬೇಕು ಅನಸಲತ್ತದ." ಕಲಬುರಗಿಯಲ್ಲಿ ಇದ್ದುಕೊಂಡು ಈ ಆಸೆ ಪೂರೈಸುವುದು ಸುಲಭವಲ್ಲ. ಮಳೆಗಾಲದಲ್ಲಿ ಭೀಮೆಯ ಹತ್ತಿರ ಹೋಗುವ ಹಾಗಿಲ್ಲ. 2020ರ ಅಕ್ಟೋಬರಿನ ಪ್ರವಾಹ ಹೊಳಿ ದಂಡಿಯ ಊರಿನವರಿಗೆ ಇನ್ನೂ ಕಣ್ಣ ಮುಂದಿದೆ. ಬೇಸಿಗೆಗೆ ಬಂಡೆಗಲ್ಲು ಎದ್ದು ಕೂತಿರುತ್ತವೆ. ಬ್ಯಾರೇಜಿನ ಗೇಟು ಇಳಿಸಿ ನೀರು ನಿಲ್ಲಿಸಿದ ಮೇಲೆ ಸಂಕ್ರಾಂತಿವರೆಗಿನ ದಿನಗಳೇ ಸರಿಯಾದ ಕಾಲ. ಆ ಹೊತ್ತಿನಲ್ಲಿ ಅವ್ವ, ನಾನು, ಎಂಟು ವರ್ಷದ ಮಗ ಮೂವರೂ ಕೂಡಿ ಮೂರು ಕಡೆ ಹೋಗಿ ಬಂದೆವು.

ಮೊದಲು ದೇವಲ ಗಾಣಗಾಪುರ. ದತ್ತನ ಪಾದುಕೆಗೆ ಕೈ ಮುಗಿದು ಭೀಮಾ–ಅಮರಜಾ ಸಂಗಮಕ್ಕೆ ಬಂದೆವು. ಔದುಂಬರದ ಕೆಳಗೆ ಪಾರಾಯಣಕ್ಕೆ ಕೂತವರು, ಒದ್ದೆ ಸೀರೆ ಹಿಂಡುವವರು, ಎಲ್ಲ ಚೆಂದವೇ. ಆದರೆ ನಾವು ಹತ್ತಿದ ದೋಣಿಗೆ ಇಂಜಿನ್ನಿತ್ತು. ಡೀಸೆಲ್ ವಾಸನೆಗೆ ಅವ್ವ ಸೆರಗು ಮೂಗಿಗೆ ಹಿಡಿದವಳು ದಂಡಿ ಮುಟ್ಟುವವರೆಗೆ ತೆಗೆಯಲಿಲ್ಲ. ಕಾಲು ತಾಸಿನೊಳಗೆ ಒಂದು ಸುತ್ತು ಮುಗಿಯಿತು. ಮಗನಿಗೆ ಲೈಫ್ ಜಾಕೆಟ್ ಕೇಳಿದರೆ ಇಲ್ಲ ಅಂದರು; ಅಲ್ಲಿ ನನ್ನ ಮನಸ್ಸು ಮುರಿಯಿತು. ದೇವರ ದರ್ಶನಕ್ಕೆ ಗಾಣಗಾಪುರಕ್ಕೆ ನೂರು ಸಲ ಹೋಗುತ್ತೇನೆ. ಅವ್ವ ಕೇಳಿದ ಶಾಂತಿಗೆ ಅದು ಜಾಗವಲ್ಲ.

ಎರಡನೆಯದು ಚಿಂಚೋಳಿ ಕಡೆಯ ಚಂದ್ರಂಪಳ್ಳಿ. ಮುಲ್ಲಾಮಾರಿಗೆ ಸೇರುವ ಉಪನದಿಗೆ ಕಟ್ಟಿದ ಆಣೆಕಟ್ಟು ಅದು. ಸುತ್ತಲೂ ಗುಡ್ಡ, ಕಾಡು. 2011ರಲ್ಲಿ ವನ್ಯಜೀವಿಧಾಮವಾದ ಪ್ರದೇಶ. ತೊಗರಿ ಹೊಲ ನೋಡಿ ನೋಡಿ ಬೆಳೆದ ನಮ್ಮ ಕಣ್ಣಿಗೆ ನಮ್ಮ ಜಿಲ್ಲೆಯಲ್ಲೇ ಇಷ್ಟು ಹಸಿರು ಇದೆಯೇ ಅನ್ನಿಸುತ್ತದೆ. ಜಾಕೆಟ್ ಹಾಕಿಸಿ ಕೂರಿಸಿದರು, ನೀರು ಕನ್ನಡಿಯಂತಿತ್ತು, ಮಗನಂತೂ ಪೆಡಲ್ ಬಿಡಲೇ ಒಲ್ಲ. ಮಕ್ಕಳಿದ್ದರೆ ಕಣ್ಣು ಮುಚ್ಚಿ ಇಲ್ಲಿಗೆ ಹೋಗಿ. ಆದರೆ ಅವ್ವ ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು, "ಇದು ಎಲ್ಲಿಗೂ ಹೋಗಲ್ಲೇನು?" ಅವಳ ಮಾತು ಸರಿ. ಹೊಳಿಯ ಮೇಲೆ ಕೂತರೆ ಒಂದು ತಿರುವು ಕಳೆದು ಇನ್ನೊಂದು ಬರುತ್ತದೆ. ಕೆರೆಯಂಥ ನೀರಿನಲ್ಲಿ ಅದಿಲ್ಲ.

ಕೃಷ್ಣೆಯ ಮೇಲೆ ಹೋಗೋಣವೆಂದು ತಿಂಥಣಿಗೂ ಒಮ್ಮೆ ಹೋಗಿದ್ದೆವು. ಮೇಲೆ ಬಸವಸಾಗರ ಆಣೆಕಟ್ಟಿನಿಂದ ನೀರು ಬಿಟ್ಟಿದ್ದರು, ಅಂಬಿಗರು ನೀರಿಗಿಳಿಯಲಿಲ್ಲ. ಮೌನೇಶ್ವರನಿಗೆ ಕಾಯಿ ಒಡೆಸಿಕೊಂಡು ಬಂದೆವು. ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಇನ್ನು ಭೀಮೆಯ ದಂಡಿಯ ಸನ್ನತಿ. ಬೆಳಿಗ್ಗೆ ನಾಲ್ಕೂವರೆಗೆ ಮನೆ ಬಿಟ್ಟು ಚಂದ್ರಲಾಂಬೆಯ ಗುಡಿ ಹಿಂದೆ ಹೊಳಿಗಿಳಿದಾಗ ನೀರಿನಿಂದ ಹೊಗೆಯಂತೆ ಮಂಜು ಏಳುತ್ತಿತ್ತು. ಹಿಂದಿನ ದಿನವೇ ಮಾತಾಡಿಟ್ಟಿದ್ದ ಅಂಬಿಗ ಕಾಕಾ ಪುಟ್ಟಿಯನ್ನು, ಅಂದರೆ ಹರಿಗೋಲನ್ನು, ಬೋರಲು ಹಾಕಿಕೊಂಡು ತಳ ನೋಡುತ್ತಿದ್ದರು. ಬಿದಿರು ಸೀಳಿನ ಹೆಣಿಗೆ, ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಒಂದು ಕಡೆ ಅಂಗೈಯಗಲ ಹೊಸ ತೇಪೆ. ಅದನ್ನು ಹೆಬ್ಬೆರಳಿಂದ ಒತ್ತಿ ಒತ್ತಿ ನೋಡಿದ ಮೇಲೆಯೇ ನೀರಿಗೆ ಬಿಟ್ಟರು. "ಯವ್ವಾ, ನೀ ನಡಕ್ಕ ಕುಂದ್ರು. ಹುಡುಗಾ, ಕೈ ಹೊರಗ ಹಾಕಬ್ಯಾಡ." ಚಂದ್ರಂಪಳ್ಳಿಯಿಂದ ಬಂದ ಮೇಲೆ ನಾನು ಮೂರು ಜಾಕೆಟ್ ಕೊಂಡಿದ್ದೆ, ಅವನ್ನು ಹಾಕಿಕೊಂಡೇ ಹತ್ತಿದೆವು.

ದುಂಡನೆಯ ಪುಟ್ಟಿಗೆ ಮುಂದೆ ಹಿಂದೆ ಎಂಬುದಿಲ್ಲ. ಕಾಕಾ ಒಂದೇ ಹುಟ್ಟನ್ನು ಎದುರಿಗೆ ನೀರಿಗಿಳಿಸಿ ತಮ್ಮ ಕಡೆಗೆ ಎಳೆಯುತ್ತಿದ್ದರು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಆ ಎಳೆತಕ್ಕೆ ತಕ್ಕಂತೆ ಪುಟ್ಟಿ ತುಸು ತಿರುಗುತ್ತದೆ, ಹಾಗಾಗಿ ಕೂತಲ್ಲೇ ಎರಡೂ ದಂಡಿ ಕಾಣುತ್ತವೆ: ಈಚೆ ನಮ್ಮ ಚಿತ್ತಾಪುರ ತಾಲೂಕು, ಆಚೆ ಯಾದಗಿರಿ ಜಿಲ್ಲೆಯ ಶಹಾಪುರ. ತಳದಲ್ಲಿ ಜಿನುಗಿದ ನೀರನ್ನು ಅರ್ಧ ಕತ್ತರಿಸಿದ ಎಣ್ಣೆ ಡಬ್ಬಿಯಿಂದ ಮಗ ಎತ್ತಿ ಹಾಕಿದ. ಆ ಕೆಲಸ ಕಾಕಾ ಅವನಿಗೇ ಒಪ್ಪಿಸಿದ್ದರು. ಮಿಂಚುಳ್ಳಿಯೊಂದು ಬಲೆಯ ಗೂಟದ ಮೇಲೆ ಕೂತು ಮುಳುಗು ಹಾಕಿತು. ನಡುನೀರಿನಲ್ಲಿ ಕಾಕಾ ಹುಟ್ಟು ಎತ್ತಿ ಮಡಿಲಲ್ಲಿಟ್ಟುಕೊಂಡರು. ಹುಟ್ಟಿನ ತುದಿಯಿಂದ ಹನಿ ಬೀಳುವ ಸಪ್ಪಳವಷ್ಟೇ ಉಳಿಯಿತು. ಅವ್ವ ಒಂದು ಮಾತೂ ಆಡಲಿಲ್ಲ. ಸೆರಗೂ ಮೂಗಿಗೆ ಹೋಗಲಿಲ್ಲ.

ದಡಕ್ಕೆ ಬಂದು ಕಟಿರೊಟ್ಟಿ, ಶೇಂಗಾ ಹಿಂಡಿ, ಮೊಸರು ತಿಂದೆವು. ಕಾಕಾನಿಗೂ ಬಡಿಸಿದೆವು. ಆಮೇಲೆ ಗುಡಿಗೆ. 1986ರಲ್ಲಿ ಇದೇ ಆವರಣದ ಕಾಳಿಕಾ ಗುಡಿಯ ಛಾವಣಿ ಬಿದ್ದಾಗ, ದೇವಿಯ ಪೀಠದ ಕಲ್ಲೇ ಅಶೋಕನ ಶಾಸನ ಎಂದು ಗೊತ್ತಾಯಿತು. ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ಅವನ ಹೆಸರು ಕೆತ್ತಿದ ಶಿಲ್ಪವೂ ಸಿಕ್ಕಿದೆ. ಅಷ್ಟು ಹಳೆಯ ಜಾಗವನ್ನು ನೀರಿನ ಕಡೆಯಿಂದ ಮೊದಲು ನೋಡಿದ್ದು ನಮ್ಮ ಪುಣ್ಯ.

ನನ್ನ ಆಯ್ಕೆ ಸನ್ನತಿಯೇ. ಹೋಗುವವರಿಗೆ ಇಷ್ಟು: ಅಲ್ಲಿ ಟಿಕೆಟ್ ಕಿಟಕಿ ಹುಡುಕಬೇಡಿ, ಹಿಂದಿನ ದಿನ ಊರಿನ ಅಂಬಿಗರನ್ನು ಕೇಳಿ, ಅವರು "ಇವತ್ತು ಬ್ಯಾಡ್ರಿ" ಅಂದರೆ ವಾದಕ್ಕಿಳಿಯದೆ ತಿರುಗಿ ಬನ್ನಿ. ಜಾಕೆಟ್ ನಿಮ್ಮದೇ ಇರಲಿ. ಎಂಟು ಗಂಟೆಯೊಳಗೆ ದಂಡಿಗೆ ಬಂದುಬಿಡಿ. ಬಿಸಿಲು ಏರಿದರೆ ಪುಟ್ಟಿಯೊಳಗೆ ನೆರಳಿಲ್ಲ. ಕಾಕಾ ನಮ್ಮಿಂದ ಮುನ್ನೂರು ತಗೊಂಡರು. ಅವ್ವ ಇನ್ನೊಂದು ನೂರು ಅವರ ಕೈಯಲ್ಲಿಟ್ಟು, "ಅಮಾಸಿ ಆದ ಮ್ಯಾಲ ಮತ್ತ ಬರ್ತೀವಪಾ" ಅಂದಳು.