ಮಾಯಾಶಾಲೆಗಳು ನಾಲ್ಕು, ಓದುವ ಬಾಯಿ ಒಂದು

ಅಣ್ಣನ ಮಕ್ಕಳಿಬ್ಬರು ಕಳೆದ ವರ್ಷದಿಂದ ಬಸವನಗುಡಿಯ ನಮ್ಮ ಮನೆಯಲ್ಲೇ ಇದ್ದಾರೆ. ಹುಡುಗನಿಗೆ ಹನ್ನೆರಡು ವರ್ಷ, ಹುಡುಗಿಗೆ ಒಂಬತ್ತು. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಕಥೆ ಓದುವುದು ಸೋದರತ್ತೆಯಾದ ನನ್ನ ಪಾಲಿಗೆ ಬಂದ ಕೆಲಸ. ಪುಸ್ತಕ ಇಂಗ್ಲಿಷಿನದು, ಹೇಳುವುದು ಕನ್ನಡದಲ್ಲಿ; ಒಂದು ಸಾಲನ್ನು ಕಣ್ಣಿನಲ್ಲೇ ಓದಿಕೊಂಡು, ಅದನ್ನು ಅಲ್ಲಿಯೇ ಕನ್ನಡ ಮಾಡಿ ಹೇಳುತ್ತೇನೆ. ಮಾಂತ್ರಿಕ ವಿದ್ಯೆ ಕಲಿಯುವ ಮಕ್ಕಳ ನಾಲ್ಕು ಸರಣಿಗಳನ್ನು ಹೀಗೆ ಓದಿ ನೋಡಿದ್ದೇವೆ. ತಮ್ಮಷ್ಟಕ್ಕೆ ಕುಳಿತು ಓದುವವರ ತೀರ್ಪು ಬೇರೆಯೇ ಆಗಬಹುದು. ನನ್ನದು ನಾಲಿಗೆಯ ಮೇಲೆ ಹಾದುಹೋದ ಪುಸ್ತಕಗಳ ಹೋಲಿಕೆ. ಸಂಜೀವಿನಿ ವಿದ್ಯೆ ಕಲಿಯಲು ಹೋದ ಕಚನನ್ನು ದಾನವರು ಸುಟ್ಟು, ಆ ಬೂದಿಯನ್ನು ಮದ್ಯದಲ್ಲಿ ಬೆರೆಸಿ ಗುರು ಶುಕ್ರಾಚಾರ್ಯರಿಗೇ ಕುಡಿಸಿದ ಕಥೆಯನ್ನು ಅಜ್ಜಿಯ ಬಾಯಲ್ಲಿ ಕೇಳಿದ ಮಕ್ಕಳಾದ್ದರಿಂದ, ಇವರು ಸುಲಭಕ್ಕೆ ಬೆರಗಾಗುವವರಲ್ಲ ಎಂಬುದನ್ನೂ ಮೊದಲೇ ಹೇಳಿಬಿಡಬೇಕು.

ಹ್ಯಾರಿ ಪಾಟರ್‌ನಿಂದಲೇ ಆರಂಭಿಸಿದೆವು. 1997ರಿಂದ 2007ರವರೆಗೆ ಏಳು ಪುಸ್ತಕಗಳಾಗಿ ಬಂದ ಈ ಸರಣಿಯ ಶಾಲಾ ಜೀವನವನ್ನು ಬೆಂಗಳೂರಿನ ಮಕ್ಕಳಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ. ಮಕ್ಕಳನ್ನು ನಾಲ್ಕು ಹೌಸ್‌ಗಳಾಗಿ ಹಂಚಿ, ಬಣ್ಣಬಣ್ಣದ ಟೀ ಶರ್ಟ್ ಕೊಟ್ಟು, ಅಂಕ ಕೂಡಿಸಿ ಕಳೆಯುವ ಪದ್ಧತಿ ಇಲ್ಲಿನ ಎಷ್ಟೋ ಶಾಲೆಗಳಲ್ಲಿ ಇದೆ. ಲ್ಯಾಟಿನ್ ಛಾಯೆಯ ಮಂತ್ರಗಳನ್ನು ಇದ್ದ ಹಾಗೆಯೇ ಉಚ್ಚರಿಸಿದೆ. ಮಂತ್ರಕ್ಕೆ ಅರ್ಥ ಕೇಳುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ತೊಡಕಾದದ್ದು ಶಬ್ದಗಳ ಆಟ. ನೋಡುವವರ ಮನದಾಸೆಯನ್ನು ತೋರಿಸುವ ಕನ್ನಡಿಯ ಹೆಸರು 'ಎರಿಸೆಡ್', ಅಂದರೆ ಆಸೆ ಎಂಬರ್ಥದ ಇಂಗ್ಲಿಷ್ ಪದವನ್ನು ಹಿಂದುಮುಂದಾಗಿ ಬರೆದದ್ದು. ಇದನ್ನು ಕನ್ನಡದಲ್ಲಿ ಏನೆಂದು ಹೇಳುವುದೆಂದು ನಾನು ತಡವರಿಸುತ್ತಿರುವಾಗ, ಹುಡುಗನು 'ಬಯಕೆ'ಯನ್ನು ತಿರುಗಿಸಿ 'ಕೆಯಬ ಕನ್ನಡಿ' ಎಂದು ಹೆಸರಿಟ್ಟ. ಅಂದಿನಿಂದ ಬಚ್ಚಲುಮನೆಯ ಕನ್ನಡಿಗೂ ಅದೇ ಹೆಸರು. ಆದರೆ ಪ್ರತಿಸಲವೂ ಅದೃಷ್ಟ ಹಾಗೆ ಒದಗುವುದಿಲ್ಲ: ಎರಡನೆಯ ಪುಸ್ತಕದ ಗುಟ್ಟು ಒಂದು ಹೆಸರಿನ ಅಕ್ಷರಗಳನ್ನು ಕದಲಿಸಿ ಬೇರೆ ವಾಕ್ಯ ಮಾಡುವುದರ ಮೇಲೆ ನಿಂತಿರುವುದರಿಂದ, ಅಲ್ಲಿ ಕಥೆ ನಿಲ್ಲಿಸಿ, ಕಾಗದ ಪೆನ್ಸಿಲ್ ತಂದು, ಇಂಗ್ಲಿಷ್ ಅಕ್ಷರಗಳನ್ನು ಬರೆದು ತೋರಿಸಬೇಕಾಯಿತು. ಬೆಚ್ಚಿಬೀಳಬೇಕಾದ ಜಾಗದಲ್ಲಿ ಪಾಠ ನಡೆಯಿತು. ಬ್ರಿಟನ್ ಮುದ್ರಣದಲ್ಲಿ ಮೊದಲ ಪುಸ್ತಕ 223 ಪುಟ, ಐದನೆಯದು 766 ಪುಟ. ಅಷ್ಟರಲ್ಲಿ ನನ್ನ ಗಂಟಲು ಸೋತಿತು, ಹುಡುಗ ಪುಸ್ತಕವನ್ನು ಕಿತ್ತುಕೊಂಡು ತಾನೇ ಓದಿ ಮುಗಿಸಿದ. ತಂಗಿ ಕಥೆಯ ನಡುದಾರಿಯಲ್ಲೇ ಉಳಿದಳು.

ಅವಳ ಮುನಿಸು ಇಳಿಸಲು ತಂದದ್ದು ಜಿಲ್ ಮರ್ಫಿಯವರ 'ದಿ ವರ್ಸ್ಟ್ ವಿಚ್'. 1974ರಲ್ಲಿ ಮೊದಲಾದ ಈ ಸರಣಿಯಲ್ಲಿ ಎಂಟು ತೆಳು ಪುಸ್ತಕಗಳಿವೆ, ಚಿತ್ರಗಳೂ ಲೇಖಕಿಯವೇ. ಎಲ್ಲರಿಗೂ ಕಪ್ಪು ಬೆಕ್ಕಿನ ಮರಿ ಸಿಕ್ಕರೆ ಕಥಾನಾಯಕಿ ಮಿಲ್ಡ್ರೆಡ್‌ಗೆ ಮಾತ್ರ ಪಟ್ಟೆಪಟ್ಟೆಯ ಮರಿ ಸಿಗುತ್ತದೆ. ಪರೀಕ್ಷೆಯಲ್ಲಿ ನಗೆಯ ಕಷಾಯ ಕಾಯಿಸುವ ಬದಲು ಮಾಯವಾಗುವ ಕಷಾಯ ಕಾಯಿಸಿಬಿಡುತ್ತಾಳೆ. ಎರಡು ಮೂರು ರಾತ್ರಿಗೆ ಒಂದು ಪುಸ್ತಕ ಮುಗಿಯುತ್ತದೆ, ಹೇಳಲು ಎಲ್ಲಿಯೂ ಕಷ್ಟವಿಲ್ಲ. ಹುಡುಗ ಎರಡನೆಯ ದಿನವೇ ಎದ್ದುಹೋದ. ಒಂಬತ್ತು ವರ್ಷದೊಳಗಿನವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಹೆಜ್ಜೆಯನ್ನು ನಾನು ಕಂಡಿಲ್ಲ. ದೊಡ್ಡವರಿಗೆ ಇದರಲ್ಲಿ ಹೆಚ್ಚೇನೂ ಇಲ್ಲ.

ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದ್ದು ಆಸ್ಟ್ರೇಲಿಯಾದ ಜೆಸಿಕಾ ಟೌನ್‌ಸೆಂಡ್ ಅವರ 'ನೆವರ್‌ಮೂರ್' ಸರಣಿ. 2017ರಲ್ಲಿ ಬಂದ ಮೊದಲ ಪುಸ್ತಕದ ಮೊದಲ ಅಧ್ಯಾಯ ತೆರೆದುಕೊಳ್ಳುವುದೇ ಅಡುಗೆಮನೆಯ ಬೆಕ್ಕು ಸತ್ತಿದ್ದಕ್ಕೆ ಮಾರಿಗನ್ ಎಂಬ ಹುಡುಗಿಯನ್ನು ಹೊಣೆ ಮಾಡುವುದರೊಂದಿಗೆ. ಅವಳು ಶಾಪಗ್ರಸ್ತೆ, ಊರಿನಲ್ಲಿ ಏನೇ ಕೆಟ್ಟದಾದರೂ ಅವಳು ಕ್ಷಮಾಪಣೆಯ ಪತ್ರ ಬರೆಯಬೇಕು. ಇದನ್ನು ಹೇಳುವಾಗ ನಾನು ಯೋಚಿಸದೆಯೇ 'ಅವಳ ಕಾಲ್ಗುಣ ಸರಿಯಿಲ್ಲ ಅಂತ ಎಲ್ಲರೂ ಅನ್ನುತ್ತಿದ್ದರು' ಎಂದುಬಿಟ್ಟೆ. ಹುಡುಗಿಗೆ ಎಲ್ಲಿಲ್ಲದ ಸಿಟ್ಟು ಬಂತು. ಮನೆಗೆ ಬಂದು ಹೋಗುವ ಹಿರಿಯರ ಬಾಯಲ್ಲಿ ಆ ಮಾತನ್ನು ಅವಳು ಕೇಳಿದ್ದಳೆಂದು ತೋರುತ್ತದೆ. ಮೂಲದ ಒಂದಿಡೀ ಅಧ್ಯಾಯ ಮಾಡುವ ಕೆಲಸವನ್ನು ಆ ಒಂದು ಕನ್ನಡ ಪದ ಮಾಡಿತ್ತು.

ಈ ಸರಣಿಯಲ್ಲೂ ಶಬ್ದದಾಟ ಕಡಿಮೆಯೇನಲ್ಲ, ಆದರೆ ಬೆರಗು ನಿಂತಿರುವುದು ವಸ್ತುಗಳ ಮೇಲೆ. ಹೋಟೆಲಿನ ಕೋಣೆ ಅತಿಥಿಗೆ ತಕ್ಕಂತೆ ತನ್ನಷ್ಟಕ್ಕೆ ಬದಲಾಗುತ್ತದೆ. ಕಳಚಿ ಬಿದ್ದ ತೂಗುದೀಪದ ಜಾಗದಲ್ಲಿ ಇನ್ನೊಂದು ದೀಪ ಬೆಳೆಯತೊಡಗುತ್ತದೆ. ಊರಿನ ಜನರು ಓಡುವ ಚೌಕಟ್ಟಿಗೆ ಕೊಡೆಯ ಹಿಡಿಯನ್ನು ಸಿಕ್ಕಿಸಿ ನೇತಾಡುತ್ತಾ ಪ್ರಯಾಣ ಮಾಡುತ್ತಾರೆ. ಇದನ್ನು ಓದಿದ ವಾರ ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಲ್ಲಿ, ಮಳೆಯಿಲ್ಲದ ದಿನ ಕೊಡೆ ಹಿಡಿದು ಬಂದ ನಮ್ಮ ಹುಡುಗಿಯನ್ನು ಹತೋಟಿಯಲ್ಲಿಡುವುದು ನನಗೆ ಸಾಕುಸಾಕಾಯಿತು.

ಕೊರತೆಯೂ ಇದೆ. ಮೊದಲ ಪುಸ್ತಕದಲ್ಲಿ ಶಾಲೆಯೇ ಇಲ್ಲ, ಪ್ರವೇಶಕ್ಕಾಗಿ ನಾಲ್ಕು ಪರೀಕ್ಷೆಗಳಷ್ಟೇ ಇವೆ. ಪಾಠಗಳು ಶುರುವಾಗುವುದು 2018ರ ಎರಡನೆಯ ಪುಸ್ತಕದಲ್ಲಿ. 'ಇದಕ್ಕೆ ಕೋಚಿಂಗ್ ಇಲ್ಲವಾ ಅತ್ತೆ?' ಎಂದು ಹುಡುಗ ಕೇಳಿದ, ಹಾಸ್ಯಕ್ಕಲ್ಲ. ಆ ಎರಡನೆಯ ಪುಸ್ತಕವನ್ನು ನಾನು ಚರ್ಚ್ ಸ್ಟ್ರೀಟ್ ಕಡೆಯ ಒಂದು ಹಳೆಯ ಪುಸ್ತಕದ ಅಂಗಡಿಯಲ್ಲಿ ಅರ್ಧ ಬೆಲೆಗೆ ತಂದಿದ್ದೆ. ನಡುವೆ ಹದಿನಾರು ಪುಟಗಳು ಎರಡು ಸಲ ಬಂದು, ಅವುಗಳ ಮುಂದಿನ ಹದಿನಾರು ಪುಟಗಳು ಇರಲೇ ಇಲ್ಲ. ಅಂಗಡಿಯವರು ಬದಲಾಯಿಸಿಕೊಡಲಿಲ್ಲ. ಕಾಣೆಯಾದ ಭಾಗವನ್ನು ಅಂದು ರಾತ್ರಿ ಮಕ್ಕಳೇ ಕಟ್ಟಿ ಹೇಳಿದರು; ಹೊಸ ಪ್ರತಿ ತಂದು ಹೋಲಿಸಿದಾಗ ಹುಡುಗಿಯ ಕಥೆಯೇ ಹೆಚ್ಚು ಭಯಂಕರವಾಗಿತ್ತು.

ನಾಲ್ಕನೆಯದು ಅರ್ಸುಲಾ ಲೆ ಗ್ವಿನ್ ಅವರ 'ಅರ್ಥ್‌ಸೀ', 1968ರದು. ಮೊದಲು ಹೇಳಬೇಕಾದ ಸಂಗತಿಯೆಂದರೆ ಇದು ನಿಧಾನ. ಶಿಷ್ಯ ಗೆಡ್ ಮಳೆಯಲ್ಲಿ ತೋಯುತ್ತಿರುವಾಗ, ಮಳೆಯನ್ನು ಬೇರೆಡೆಗೆ ಕಳಿಸಬಲ್ಲ ಗುರು ಓಜಿಯನ್ ಸುಮ್ಮನೆ ಮರದ ಕೆಳಗೆ ಮಲಗುತ್ತಾನೆ. ರೋಕ್ ದ್ವೀಪದ ಗುರುಕುಲದಲ್ಲಿ ನಾಮಗಳನ್ನು ಕಲಿಸುವ ಗುರುವಿನ ಗೋಪುರವಿದೆ. ಅಲ್ಲಿ ಬಾಯಿಪಾಠ ಮಾಡಲು ಕೊಟ್ಟ ಹೆಸರುಗಳ ಪಟ್ಟಿಯ ಮಸಿ ಮಧ್ಯರಾತ್ರಿಗೆ ಅಳಿಸಿಹೋಗುತ್ತದೆ. ಮಗ್ಗಿ ಕಲಿತವರಿಗೆ ಈ ಭಯವನ್ನು ಬಿಡಿಸಿ ಹೇಳಬೇಕಿಲ್ಲ. ವಿದ್ಯೆ ಮುಗಿಸಿ ಹೊರಡುವಾಗ ದ್ವಾರಪಾಲಕನ ನಿಜನಾಮವನ್ನು ತಿಳಿದು ಹೇಳಬೇಕೆಂಬುದು ಕೊನೆಯ ಪರೀಕ್ಷೆ. ಗೆಡ್ ಬಹಳ ಹೊತ್ತು ಯೋಚಿಸಿ, ಯಾವ ಉಪಾಯವೂ ಹೊಳೆಯದೆ, ಅವನನ್ನೇ ಕೇಳುತ್ತಾನೆ; ಅವನು ನಕ್ಕು ಹೇಳುತ್ತಾನೆ. ಹುಡುಗ ಈ ಭಾಗವನ್ನು ಮೂರು ಸಲ ಹೇಳಿಸಿದ. ಆದರೆ ಶಾಲೆಯ ಕಥೆ ಬೇಕೆಂದು ಕೊಳ್ಳುವವರು ಎಚ್ಚರದಿಂದಿರಬೇಕು: 1971ರ ಎರಡನೆಯ ಪುಸ್ತಕದಲ್ಲಿ ಗುರುಕುಲವಿಲ್ಲ, 1990ರ ನಾಲ್ಕನೆಯದು ದೊಡ್ಡವರ ಪುಸ್ತಕ.

ವಯಸ್ಸಿನ ಅಂತರವಿರುವ ಇಬ್ಬರಿಗೆ ಒಟ್ಟಿಗೆ ಹೇಳಬೇಕಾದರೆ ನಾನು ನೆವರ್‌ಮೂರ್ ಆರಿಸುತ್ತೇನೆ. ಕನ್ನಡದ ಬಾಯಿಗೆ ಒಗ್ಗುವುದನ್ನೇ ನೋಡುವುದಾದರೆ ಅರ್ಥ್‌ಸೀಯ ಹತ್ತಿರಕ್ಕೆ ಉಳಿದ ಮೂರೂ ಬರುವುದಿಲ್ಲ. ಅಲ್ಲಿ ಪ್ರತಿಯೊಬ್ಬರಿಗೂ ಕರೆಯುವ ಹೆಸರೊಂದು, ಮುಚ್ಚಿಟ್ಟ ಹೆಸರೊಂದು. ಹದಿಮೂರು ತುಂಬಿದ ದಿನ ಗುರುವು ನಿಜನಾಮವನ್ನು ಪಿಸುಮಾತಿನಲ್ಲಿ ಹೇಳುತ್ತಾನೆ. ನಾಮಕರಣದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಉಸುರುವುದನ್ನು ನೋಡಿದ, ನಕ್ಷತ್ರನಾಮ ಮತ್ತು ವ್ಯವಹಾರನಾಮ ಎಂಬ ಪದಗಳು ಬಳಕೆಯಲ್ಲಿರುವ ಮನೆಯಲ್ಲಿ ಇದಕ್ಕೆ ಅನುವಾದವೇ ಬೇಕಾಗಲಿಲ್ಲ. ಆ ಅಧ್ಯಾಯ ಮುಗಿದ ಮರುದಿನ ಹುಡುಗಿ ಅಜ್ಜಿಯ ಟ್ರಂಕಿನಿಂದ ತನ್ನ ಜಾತಕವನ್ನು ತೆಗೆಸಿ, ಅದರಲ್ಲಿದ್ದ ನಕ್ಷತ್ರದ ಹೆಸರನ್ನು ಓದಿಸಿಕೊಂಡು, ಮತ್ತೆ ಮಡಿಸಿ ಒಳಗಿಡಿಸಿದಳು. ಹುಡುಗ ಎಷ್ಟು ಗೋಗರೆದರೂ ಅವಳು ಅದನ್ನು ಇದುವರೆಗೆ ಅವನಿಗೆ ಹೇಳಿಲ್ಲ.