ಬಸುರಿ ಅಂತ ವಾಪಸ್ ಕಳಿಸಲಿಲ್ಲ: ದಾವಣಗೆರೆಯ ಡೆಂಟಲ್ ಕಾಲೇಜು ಆಸ್ಪತ್ರೆ

ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಹಲ್ಲುಜ್ಜಿ ಉಗುಳಿದರೆ ಬರೀ ರಕ್ತ. ಒಸಡು ಊದಿಕೊಂಡಿತ್ತು. ಎಡಗಡೆ ದವಡೆ ಹಲ್ಲಿನ ಹುಳುಕಂತೂ ರಾತ್ರಿ ನಿದ್ದೆ ಮಾಡಲು ಬಿಡುತ್ತಿರಲಿಲ್ಲ. ಬೆಂಗಳೂರಿನಲ್ಲಿ ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋದರೆ ಬಾಯಿ ಕೂಡ ನೋಡದೆ "ಹೆರಿಗೆ ಆದ್ಮೇಲೆ ಬನ್ನಿ ಮೇಡಂ" ಅಂದರು. ಇನ್ನೂ ಐದು ತಿಂಗಳು ಆ ನೋವು ತಡೆಯೋದು ಹೇಗೆ? ವಾಪಸ್ ಬರುವಾಗ ಆಟೋದಲ್ಲಿ ಅತ್ತುಬಿಟ್ಟೆ.

ಆಮೇಲೆ ತವರಿಗೆ ಬಂದೆ. ದಾವಣಗೆರೆಯಲ್ಲಿ ಎರಡು ಡೆಂಟಲ್ ಕಾಲೇಜುಗಳಿವೆ, ಅಮ್ಮ ನನ್ನನ್ನು ಮನೆಗೆ ಹತ್ತಿರ ಇದ್ದದ್ದಕ್ಕೆ ಕರೆದುಕೊಂಡು ಹೋದರು. ಅಲ್ಲಿನ ಮೇಡಂ ಮೊದಲು ತಾಯಿ ಕಾರ್ಡ್ ನೋಡಿ, ಎಷ್ಟನೇ ವಾರ ಅಂತ ಕೇಳಿದರು. 18 ಅಂದೆ. "ಸರಿಯಾದ ಸಮಯಕ್ಕೇ ಬಂದಿದ್ದೀರಿ, ಈಗಲೇ ಮಾಡೋಣ" ಅಂದರು ನೋಡಿ, ಅರ್ಧ ನೋವು ಅಲ್ಲೇ ಹೋಯ್ತು.

ಒಂದು ಹಲ್ಲಿಗೆ ಮಾತ್ರ ಎಕ್ಸ್‌ರೇ, ಅದಕ್ಕೂ ಕತ್ತಿನಿಂದ ಹೊಟ್ಟೆ ಕೆಳಗಿನವರೆಗೆ ಸೀಸದ ಏಪ್ರನ್ ಹೊದಿಸಿದರು. ಮರಗಟ್ಟಿಸುವ ಇಂಜೆಕ್ಷನ್ ಕೊಡುವ ಮೊದಲು ಅಮ್ಮ ಗಾಬರಿಯಾಗಿ ಎದ್ದೇ ನಿಂತರು. ಅದು ಲಿಗ್ನೋಕೇನ್, ಬಸುರಿಯರಿಗೂ ಕೊಡಬಹುದು, ನೋವು ಸೋಂಕು ಹಾಗೇ ಬಿಟ್ಟರೇ ಜಾಸ್ತಿ ತೊಂದರೆ ಅಂತ ಅಮ್ಮನಿಗೂ ಸಮಾಧಾನವಾಗಿ ಹೇಳಿದರು. ಮೂರು ಸಲ ಹೋಗಿ ರೂಟ್ ಕೆನಾಲ್ ಮುಗಿಯಿತು, ಜೊತೆಗೆ ಒಸಡಿಗೆ ಕ್ಲೀನಿಂಗ್. ಪ್ರತಿ ಸಲ ಸ್ವಲ್ಪ ಎಡಕ್ಕೆ ವಾಲಿಸಿ, ಬಲ ಸೊಂಟದ ಕೆಳಗೆ ದಿಂಬು ಇಟ್ಟೇ ಮಲಗಿಸಿದರು.

ಒಸಡಿನ ರಕ್ತಕ್ಕೆ ಕಾರಣ ಹಾರ್ಮೋನಂತೆ. ಬಸುರಿಯಲ್ಲಿ ಅದು ಏರಿದಾಗ, ಹಲ್ಲಿನ ಮೇಲೆ ಸ್ವಲ್ಪ ಪಾಚಿ ಇದ್ದರೂ ಒಸಡು ಊದುತ್ತದೆ. ರಕ್ತ ಬಂತು ಅಂತ ನಾನು ಬ್ರಷ್ ಮಾಡೋದೇ ಕಡಿಮೆ ಮಾಡಿದ್ದೆ, ಅದೇ ತಪ್ಪಾಗಿತ್ತು. ಮಗು ತಾಯಿಯ ಹಲ್ಲಿನ ಕ್ಯಾಲ್ಸಿಯಂ ಎಳೆದುಕೊಳ್ಳುತ್ತೆ ಅಂತಾರಲ್ವಾ, ಅದೂ ನಿಜ ಅಲ್ಲ. ನನಗೆ ಹೆಚ್ಚು ಉಪಯೋಗವಾದ ಮಾತು ವಾಂತಿಯದ್ದು: ವಾಂತಿಯಾದ ತಕ್ಷಣ ಹಲ್ಲುಜ್ಜಬಾರದು. ಆಮ್ಲದಿಂದ ಹಲ್ಲಿನ ಮೇಲ್ಪದರ ಮೆತ್ತಗಾಗಿರುತ್ತೆ, ಉಜ್ಜಿದರೆ ಸವೆಯುತ್ತೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಬ್ರಷ್ ಮಾಡಬೇಕು. ಅಂಗಡಿಯಿಂದ ನಾವೇ ನೋವಿನ ಮಾತ್ರೆ ತಂದು ನುಂಗಬಾರದು ಅಂತಲೂ ಹೇಳಿದರು. ನನಗೆ ಪ್ಯಾರಾಸಿಟಮಾಲ್ ಬರೆದುಕೊಟ್ಟರು, ಅಷ್ಟೇ.

ತೊಂದರೆಯೂ ಇದೆ. ಕೆಲಸ ಮಾಡೋದು ವಿದ್ಯಾರ್ಥಿಗಳು, ಪ್ರತಿ ಹಂತಕ್ಕೂ ಮೇಡಂ ಬಂದು ನೋಡಬೇಕು, ಹಾಗಾಗಿ ಒಂದೊಂದು ಸಲ ಎರಡು ಗಂಟೆ ಹಿಡಿಯುತ್ತೆ. ಬಸುರಿಯರಿಗೆ ಬೇರೆ ಸಾಲು ಇಲ್ಲ, ಅದು ಬೇಕೇ ಬೇಕು. ಕಾಯುವ ಜಾಗದಲ್ಲಿ ಬೆನ್ನಿಗೆ ಆಸರೆ ಇಲ್ಲದ ಬೆಂಚು. ಆದರೆ ಖರ್ಚು ಖಾಸಗಿ ಕ್ಲಿನಿಕ್ಕಿನವರು ಹೇಳಿದ್ದರ ಕಾಲು ಭಾಗವೂ ಆಗಲಿಲ್ಲ.

ಹೋಗುವವರು ಸೋಮವಾರ ಬಿಡಿ, ಜನ ಜಾಸ್ತಿ. ತಿಂಡಿ ತಿಂದು, ತಾಯಿ ಕಾರ್ಡ್ ಹಿಡಿದು, ಬೆಳಿಗ್ಗೆ 9ಕ್ಕೆಲ್ಲ ಚೀಟಿ ಮಾಡಿಸಿಬಿಡಿ.